ಟೋಪಿಯೊಳಗಿನ ಹೆಸರು

ಪ್ರೀತಿಯ ಪುಟ್ಟ,

ನಿನ್ನ ಕಾಗದ ಮೊನ್ನೆ ಬಂತು. ಮೂರು ಸಲ ಓದಿದೆ. ನಿನ್ನ ಸಂಗ್ರಹಕ್ಕೆ ಹೊಸದಾಗಿ ಸಿಕ್ಕ ಹಳೆಯ ಬ್ರಿಟಿಷ್ ಸಿಪಾಯಿಗಳ ಟೋಪಿ ಬಿಲ್ಲೆಗಳ (ಬ್ಯಾಡ್ಜ್‌ಗಳ) ಬಗ್ಗೆ, ಕೋಟಿನ ಗುಂಡಿಗಳ ಬಗ್ಗೆ ಬರೆದದ್ದೆಲ್ಲ ಓದಿ ಖುಷಿಯಾಯಿತು. ಆದರೆ ಕೊನೆಯಲ್ಲಿ, ಹೆಸರು ಹಾಕುವ ಮುಂಚೆ, ಒಂದು ಸಾಲು ಬರೆದಿದ್ದೀಯಲ್ಲ. "ರಾತ್ರಿ ಪೆಟ್ಟಿಗೆ ಮುಚ್ಚುವಾಗ ಸತ್ತವನ ಜೇಬಿಗೆ ಕೈ ಹಾಕಿದ ಹಾಗೆ ಅನಿಸುತ್ತೆ ದೊಡ್ಡಪ್ಪ." ಆ ಸಾಲು ನನ್ನನ್ನು ಬಿಡುತ್ತಿಲ್ಲ. ಉಳಿದದ್ದಕ್ಕೆಲ್ಲ ಇನ್ನೊಮ್ಮೆ ಉತ್ತರ ಬರೆಯುತ್ತೇನೆ. ಈ ಕಾಗದ ಅದೊಂದಕ್ಕೇ.

ಓದಿದ ಕೂಡಲೇ ನನಗೆ ಹೊಳೆದದ್ದು ಲೆಕ್ಕದ ಉತ್ತರ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯದಲ್ಲಿದ್ದವರಲ್ಲಿ ಹತ್ತಕ್ಕೆ ಎಂಟಕ್ಕಿಂತ ಜಾಸ್ತಿ ಜನ ಜೀವಂತ ಮರಳಿದರು. ಟೋಪಿ ಕಳಚಿಟ್ಟು ಕೆಲಸಕ್ಕೆ ಹೋದರು, ಮುದುಕರಾದರು. ಅವರ ಬಿಲ್ಲೆಗಳು ಮೇಜಿನ ಖಾನೆಗಳಲ್ಲಿ, ಗುಂಡಿ ಡಬ್ಬಿಗಳಲ್ಲಿ ಉಳಿದವು. ಇನ್ನು ಎಷ್ಟೋ ಬಿಲ್ಲೆಗಳು ಯಾರ ತಲೆಯನ್ನೂ ಏರಲಿಲ್ಲ, ಉಗ್ರಾಣದಿಂದ ನೇರವಾಗಿ ಮಾರಾಟಕ್ಕೆ ಬಂದವು. ನಿನ್ನ ಪೆಟ್ಟಿಗೆಯಲ್ಲಿರುವುದೆಲ್ಲ ಸತ್ತವರದ್ದು ಅಂತ ಅಂದುಕೊಳ್ಳಬೇಡ. ಇಷ್ಟು ಬರೆದು ಕಾಗದ ಮುಗಿಸಿಬಿಡೋಣ ಅಂತಲೇ ಕೂತೆ. ಮುಗಿಸಲು ಆಗಲಿಲ್ಲ. ನೀನು ಕೇಳಿದ್ದು ಲೆಕ್ಕವನ್ನಲ್ಲ, ಅಲ್ವಾ?

ನಾನು ನಿನ್ನ ವಯಸ್ಸಿನಲ್ಲಿದ್ದಾಗ ಮಾಡಿದ ಒಂದು ಕೆಲಸ ಹೇಳುತ್ತೇನೆ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಒಂದು ಹಳೆಯ ಖಾಕಿ ಟೋಪಿ ಕೊಂಡಿದ್ದೆ. ಮೊದಲ ಮಹಾಯುದ್ಧದ ಕಾಲದ್ದು. ಉಣ್ಣೆಯನ್ನು ನುಸಿ ತಿಂದಿತ್ತು. ಒಳಗಿನ ಚರ್ಮದ ಪಟ್ಟಿ ಒಣಗಿ ಬಿರುಕು ಬಿಟ್ಟಿತ್ತು. ನನಗೆ ಬೇಕಾಗಿದ್ದು ಮುಂಭಾಗದ ಬಿಲ್ಲೆ ಮಾತ್ರ. ಅದು ಹಿತ್ತಾಳೆಯದ್ದು, 1916ರಲ್ಲಿ ಉಳಿತಾಯಕ್ಕೆಂದು ಎರಡು ಲೋಹದ ಬದಲು ಒಂದೇ ಲೋಹದಲ್ಲಿ ಮಾಡಿದ ತರಹದ್ದು. ಬಿಲ್ಲೆಯ ಹಿಂಬದಿಯ ಸ್ಲೈಡರ್ ಎಂಬ ಲೋಹದ ಪಟ್ಟಿಯನ್ನು ಟೋಪಿಯ ಸೀಳಿನಿಂದ ಮೇಲಕ್ಕೆ ಜಾರಿಸಿದೆ, ಬಿಲ್ಲೆ ಕೈಗೆ ಬಂತು. ಟೋಪಿಯನ್ನು ಕಸಕ್ಕೆ ಹಾಕಿದೆ. ಹಾಕುವ ಮುಂಚೆ ಚರ್ಮದ ಪಟ್ಟಿಯ ಒಳಗೆ ಶಾಯಿಯಲ್ಲಿ ಬರೆದದ್ದು ನೋಡಿದ್ದೆ. ಒಂದು ಹೆಸರು, ಒಂದು ಸಂಖ್ಯೆ. ನೋಡಿದೆ, ಅಷ್ಟೇ. ಆಮೇಲೆ ಕೂತುಕೊಂಡು ಬಿಲ್ಲೆಯನ್ನು ಪಾಲಿಶ್ ಹಾಕಿ ತಿಕ್ಕಿದೆ, ಕನ್ನಡಿಯ ಹಾಗೆ ಹೊಳೆಯುವ ತನಕ. ಎಲ್ಲರಿಗೂ ತೋರಿಸಿದೆ.

ಎಷ್ಟೋ ವರ್ಷ ಅದು ತಪ್ಪು ಅಂತ ನನಗೆ ಅನಿಸಿಯೇ ಇರಲಿಲ್ಲ. ಒಮ್ಮೆ ಏನೋ ಓದುತ್ತಿದ್ದಾಗ ತಿಳಿಯಿತು. 1940ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಮೇಲೆ ಬಾಂಬು ಬಿದ್ದಾಗ, ಮೊದಲ ಯುದ್ಧದ ಸಿಪಾಯಿಗಳ ಸೇವಾ ದಾಖಲೆ ಇಟ್ಟಿದ್ದ ಕಟ್ಟಡ ಸುಟ್ಟುಹೋಯಿತು. ಅರ್ಧಕ್ಕಿಂತ ಜಾಸ್ತಿ ಕಾಗದ ಬೂದಿಯಾಯಿತು. ಉಳಿದದ್ದು ಅಂಚು ಕರಕಲಾಗಿ, ನೀರು ಕುಡಿದು ಉಳಿಯಿತು. ಅದನ್ನು ಇವತ್ತಿಗೂ ಸುಟ್ಟ ದಾಖಲೆಗಳು ಅಂತಲೇ ಕರೆಯುತ್ತಾರೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸರ್ಕಾರದ ಬಳಿ ಇದ್ದ ಕಾಗದವೇ ಸುಟ್ಟುಹೋದ ಮೇಲೆ, ಆ ಮನುಷ್ಯ ತನ್ನ ಕೈಯಾರೆ ಬರೆದ ಆ ಎರಡು ಗೆರೆಗೆ ಎಷ್ಟು ಬೆಲೆ ಇತ್ತು ಅಂತ ಆಗ ಗೊತ್ತಾಯಿತು.

ನೆನಪಿಸಿಕೊಳ್ಳಲು ಎಷ್ಟು ಒದ್ದಾಡಿದೆ ಅಂತ ಹೇಳಲಾರೆ. ಸಂಖ್ಯೆಯ ಮೊದಲೆರಡು ಅಂಕಿ ನೆನಪಿದೆ, 24. ಹೆಸರು ಎಚ್ ಅಕ್ಷರದಿಂದ ಶುರುವಾಗುತ್ತಿತ್ತು. ಅಷ್ಟೇ. 1920ರ ಮುಂಚೆ ಸೈನ್ಯದ ಒಂದೊಂದು ರೆಜಿಮೆಂಟೂ (ದಳವೂ) ತನ್ನ ಸಿಪಾಯಿಗಳಿಗೆ ತನ್ನದೇ ಸಂಖ್ಯೆ ಕೊಡುತ್ತಿತ್ತು, ಒಂದೇ ಸಂಖ್ಯೆ ಬೇರೆ ಬೇರೆ ಕಡೆ ಬೇರೆ ಬೇರೆಯವರಿಗೆ ಇರುತ್ತಿತ್ತು. ಹಾಗಾಗಿ ಸಂಖ್ಯೆಯ ಜೊತೆ ರೆಜಿಮೆಂಟು ಗೊತ್ತಿರಬೇಕು. ರೆಜಿಮೆಂಟಿನ ಗುರುತು ಬಿಲ್ಲೆಯಾಗಿ ನನ್ನ ಕೈಯಲ್ಲೇ ಇತ್ತು, ಫಳಫಳ ಹೊಳೆಯುತ್ತಾ. ಸಂಖ್ಯೆಯನ್ನು ನಾನೇ ಬಿಸಾಡಿದ್ದೆ.

ಸತ್ತವನ ಜೇಬಿಗೆ ಕೈ ಹಾಕಿದ ಹಾಗೆ ಅಂತ ನೀನು ಬರೆದೆ. ನೀನು ಹಾಕಿಲ್ಲ ಪುಟ್ಟ. ನಾನು ಹಾಕಿದ್ದೆ. ಹಾಕಿ, ಅದರಲ್ಲಿದ್ದ ಚೀಟಿಯನ್ನು ಹರಿದು ಎಸೆದೆ.

ಅದಕ್ಕೇ ನಿನ್ನ ಸಾಲು ಓದಿ ಒಂದು ಕಡೆ ಸಂಕಟವಾಯಿತು, ಇನ್ನೊಂದು ಕಡೆ ಸಮಾಧಾನವೂ ಆಯಿತು. ನನಗೆ ಆ ವಯಸ್ಸಿನಲ್ಲಿ ಆ ಭಯ ಇರಲಿಲ್ಲ. ಇದ್ದಿದ್ದರೆ ಆ ಟೋಪಿ ಉಳಿಯುತ್ತಿತ್ತು.

ಬುದ್ಧಿ ಹೇಳುವ ಅರ್ಹತೆ ನನಗಿದೆಯೋ ಇಲ್ಲವೋ. ಆದರೂ ಒಂದೆರಡು ಮಾತು. ಯಾವುದನ್ನೂ ಬಿಚ್ಚುವ ಮುಂಚೆ ಬಂದ ಹಾಗೇ ಫೋಟೋ ತೆಗೆ, ಒಳಗೆ, ಹೊರಗೆ, ಪಟ್ಟಿಯ ಅಡಿಗೂ. ಬಿಚ್ಚದೇ ಇದ್ದರೆ ಇನ್ನೂ ಒಳ್ಳೆಯದು. ಪಾಲಿಶ್ ಬೇಡ. ಸಿಪಾಯಿ ಸ್ವತಃ ದಿನವೂ ತಿಕ್ಕಿ ಸವೆಸಿದ ಬಿಲ್ಲೆಯೂ ಇರುತ್ತದೆ, ಆ ಸವೆತ ಅವನದ್ದು. ನಾವು ಮತ್ತೆ ತಿಕ್ಕಿದರೆ ಅದೂ ಹೋಗುತ್ತದೆ. ಹಿತ್ತಾಳೆ ಚರ್ಮಕ್ಕೆ ತಾಗಿದ ಕಡೆ ಹಸಿರು ಕಿಲುಬು ಕಟ್ಟುತ್ತದೆ, ನಡುವೆ ಒಂದು ಒಳ್ಳೆಯ ಕಾಗದದ ತುಂಡು ಇಡು. ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಬೇಡ, ಕಾಲ ಕಳೆದಂತೆ ಅದರಿಂದ ಆಮ್ಲ ಹೊರಬಂದು ಲೋಹವನ್ನು ತಿನ್ನುತ್ತದೆ. ಇದೆಲ್ಲ ನಿನಗೆ ಗೊತ್ತಿರಬಹುದು. ಮುದುಕನ ಮಾತು ಅಂತ ಸುಮ್ನೆ ಓದಿಬಿಡು.

ಒಂದು ಕಡೆ ಮಾತ್ರ ನಿನ್ನ ಭಯ ನಿಜ. ಅದನ್ನು ಮುಚ್ಚಿಡುವುದಿಲ್ಲ. ಫ್ರಾನ್ಸ್, ಬೆಲ್ಜಿಯಂನ ಹೊಲಗಳಲ್ಲಿ ಇವತ್ತಿಗೂ ಮೊದಲ ಯುದ್ಧದ ಸಿಪಾಯಿಗಳ ಮೂಳೆ ಸಿಗುತ್ತವೆ. ಪಕ್ಕದಲ್ಲಿ ಸಿಕ್ಕ ಒಂದು ಗುಂಡಿ, ಭುಜದ ಮೇಲಿನ ಹಿತ್ತಾಳೆ ಅಕ್ಷರ, ಒಂದು ಟೋಪಿ ಬಿಲ್ಲೆ, ಇದರಿಂದಲೇ ಅವನು ಯಾವ ರೆಜಿಮೆಂಟಿನವನು ಅಂತ ಎಷ್ಟೋ ಸಲ ತಿಳಿಯುವುದು. ಕೆಲವರಿಗೆ ಹಾಗೇ ಹೆಸರೂ ಸಿಕ್ಕಿದೆ. ಫ್ರಾನ್ಸಿನ ಥಿಯೆಪ್ವಾಲ್ ಎಂಬಲ್ಲಿ ಒಂದು ಸ್ಮಾರಕ ಇದೆ. ಗೋರಿ ಎಲ್ಲಿದೆ ಅಂತ ಗೊತ್ತಿಲ್ಲದ 72,000ಕ್ಕೂ ಜಾಸ್ತಿ ಜನರ ಹೆಸರು ಅಲ್ಲಿನ ಕಲ್ಲಿನ ಮೇಲಿದೆ. ಅಂಥ ಮಣ್ಣಿನಿಂದ ಯಾರೋ ಬಿಲ್ಲೆಯನ್ನಷ್ಟೇ ಎತ್ತಿಕೊಂಡು ಬಂದರೆ, ಉಳಿದವನು ಹೆಸರಿಲ್ಲದೇ ಅಲ್ಲೇ ಉಳಿಯುತ್ತಾನೆ. ಯುದ್ಧಭೂಮಿಯಲ್ಲಿ ಅಗೆದದ್ದು ಅಂತ ಹೇಳಿ ಮಾರುವುದನ್ನು ಮುಟ್ಟಬೇಡ. ಕಡಿಮೆಗೆ ಕೊಟ್ಟರೂ ಬೇಡ. ಇದೊಂದನ್ನು ದೊಡ್ಡಪ್ಪ ಖಡಕ್ಕಾಗಿ ಹೇಳುತ್ತಿದ್ದಾನೆ ಅಂದುಕೋ.

ನನ್ನ ಮೇಜಿನ ಖಾನೆಯಲ್ಲಿ ಮಣ್ಣು ಕಚ್ಚಿದ ಒಂದು ಭುಜದ ಬಿಲ್ಲೆ ಇದೆ. ಬಾಗಿದೆ, ಒಂದು ಅಕ್ಷರ ಮುರಿದಿದೆ. ಕೊಳ್ಳುವಾಗ ಎಲ್ಲಿಯದು ಅಂತ ಕೇಳಲಿಲ್ಲ. ಕೇಳಬೇಕು ಅಂತ ಅನಿಸಿತ್ತು, ಬಾಯಿ ಬರಲಿಲ್ಲ. ಕೊಟ್ಟವನು ಈಗಿಲ್ಲ.

ಇನ್ನೊಂದು ಮಾತು, ಇದು ತಿರುಗಿ ನಿನ್ನ ಭಯಕ್ಕೇ ಬರುತ್ತದೆ. ಸತ್ತವರ ಬಗ್ಗೆ ಮರುಗುವವರನ್ನು ಮೋಸ ಮಾಡುವುದು ಸುಲಭ. ಹೆಸರಿದ್ದರೆ ಬೆಲೆ ಏರುತ್ತದೆ ಅಂತ ಹಳೆಯ ಟೋಪಿಯೊಳಗೆ ಹೊಸದಾಗಿ ಹೆಸರು ಬರೆಯುವವರಿದ್ದಾರೆ. ಕಥೆ ಕಟ್ಟುವವರು ಇನ್ನೂ ಜಾಸ್ತಿ. ದಕ್ಷಿಣ ಆಫ್ರಿಕಾದಲ್ಲಿ ನಡೆದ 1879ರ ಜುಲು ಯುದ್ಧದ್ದು ಅಂತ ಒಬ್ಬರು ನನಗೆ ಒಂದು ಬಿಲ್ಲೆ ತೋರಿಸಿದರು. ಅದನ್ನು ಹಾಕಿದ್ದವನು ಹೇಗೆ ಸತ್ತ ಅಂತಲೂ ಹೇಳಿದರು, ನನ್ನ ಕಣ್ಣು ಒದ್ದೆಯಾಯಿತು. ಮನೆಗೆ ತಂದು ಭೂತಗನ್ನಡಿ ಹಿಡಿದರೆ ಮೇಲಿದ್ದ ಕಿರೀಟ ವಿಕ್ಟೋರಿಯಾ ರಾಣಿಯದ್ದೇ ಅಲ್ಲ. 1901ರಲ್ಲಿ ಆಕೆ ತೀರಿಕೊಂಡ ಮೇಲೆ ಬಂದ ರಾಜನ ಕಿರೀಟ. ಅದೂ ಎರಕ ಹೊಯ್ದ ನಕಲು. ಆ ಕಾಲದಲ್ಲಿ ಸಿಪಾಯಿಗಳ ಬಿಲ್ಲೆಯನ್ನು ಸಾಮಾನ್ಯವಾಗಿ ತಗಡಿನ ಮೇಲೆ ಅಚ್ಚು ಒತ್ತಿ ಮಾಡುತ್ತಿದ್ದರು. ಮುಂದೆ ಉಬ್ಬಿದ್ದು ಹಿಂದೆ ತಗ್ಗಾಗಿ ಕಾಣುತ್ತದೆ, ಅಂಚು ಚೂಪಾಗಿರುತ್ತದೆ. ಎರಕದ್ದರಲ್ಲಿ ಸೂಜಿಮೊನೆಯಷ್ಟು ಗುಳಿಗಳಿರುತ್ತವೆ, ಅಂಚು ಮೊಂಡು. ಹಣ ಹೋದದ್ದು ಮರೆತೆ. ಇಲ್ಲದ ಮನುಷ್ಯನಿಗಾಗಿ ಅತ್ತದ್ದು ಮರೆಯಲಿಲ್ಲ. ನಿಜವಾಗಿ ಇದ್ದ ಒಬ್ಬನನ್ನು ನಾನು ಕಸಕ್ಕೆ ಹಾಕಿದ್ದೆ.

ನೀನು ಗ್ಲಾಸ್ಟರ್‌ಶೈರ್ ರೆಜಿಮೆಂಟಿನ ಚಿಕ್ಕ ಬಿಲ್ಲೆ ಸಿಕ್ಕಿತು ಅಂತ ಬರೆದಿದ್ದೀಯ, ಸಿಂಹನಾರಿ (ಸ್ಫಿಂಕ್ಸ್) ಇರುವುದು. ಅದನ್ನು ಟೋಪಿಯ ಹಿಂಭಾಗದಲ್ಲಿ ಹಾಕುತ್ತಿದ್ದರು ಅಂತ ನಿನಗೆ ಗೊತ್ತು. 1801ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಎರಡೂ ಕಡೆಯಿಂದ ಶತ್ರು ಬಂದಾಗ ಹಿಂದಿನ ಸಾಲು ತಿರುಗಿ ನಿಂತು, ಬೆನ್ನಿಗೆ ಬೆನ್ನು ಕೊಟ್ಟು ಹೋರಾಡಿತು. ಆ ನೆನಪಿಗೆ ಅದು. ಹಾಕಿಕೊಂಡವನಿಗೆ ತನ್ನ ತಲೆಯ ಹಿಂದಿನ ಬಿಲ್ಲೆ ಕಾಣುತ್ತಿರಲಿಲ್ಲ. ಹಿಂದೆ ನಿಂತವನಿಗೆ ಕಾಣುತ್ತಿತ್ತು. ಈಗ ನಿನಗೆ ಕಾಣುತ್ತದೆ. ಇದರಲ್ಲಿ ಕದ್ದದ್ದು ಏನಿದೆ ಅಂತ ಎಷ್ಟು ಯೋಚಿಸಿದರೂ ನನಗೆ ತೋಚುತ್ತಿಲ್ಲ.

ಆದರೂ ಆ ಭಯ ಪೂರ್ತಿ ಹೋಗಲಿ ಅಂತ ನಾನು ಹಾರೈಸುವುದಿಲ್ಲ, ತಪ್ಪು ತಿಳಿಯಬೇಡ. ನಿನಗೆ ನಿದ್ದೆ ಕೆಡುವಷ್ಟು ಇರಬಾರದು, ಅಷ್ಟೇ. ಪೆಟ್ಟಿಗೆ ಮುಚ್ಚುವಾಗ ಕೈ ಒಂದು ಕ್ಷಣ ತಡೆಯಿತು ಅಂದರೆ ಪರವಾಗಿಲ್ಲ. ನನ್ನ ಕೈ ಅವತ್ತು ತಡೆಯಲಿಲ್ಲ.

ಇದರ ಜೊತೆ ಆ ಹಿತ್ತಾಳೆ ಬಿಲ್ಲೆಯನ್ನು ಕಳಿಸುತ್ತಿದ್ದೇನೆ. ನಾನು ತಿಕ್ಕಿ ಹಾಳು ಮಾಡಿದ್ದು. ಒಂದು ಚೀಟಿಯನ್ನೂ ಇಟ್ಟಿದ್ದೇನೆ. ಖಾಕಿ ಟೋಪಿಯಿಂದ ಬಂದದ್ದು, ಹೆಸರು ಎಚ್ ಅಕ್ಷರದಿಂದ ಶುರು, ಸಂಖ್ಯೆ 24ರಿಂದ ಶುರು, ಉಳಿದದ್ದು ನನ್ನ ತಪ್ಪಿನಿಂದ ಹೋಯಿತು ಅಂತ ಅದರಲ್ಲಿ ಬರೆದಿದ್ದೇನೆ. ಬಿಲ್ಲೆ, ಚೀಟಿ ಎರಡನ್ನೂ ಒಟ್ಟಿಗೇ ಇಡು. ಭುಜದ ಬಿಲ್ಲೆಯನ್ನು ಏನು ಮಾಡಬೇಕು ಅಂತ ಇನ್ನೂ ತೀರ್ಮಾನಿಸಿಲ್ಲ. ನೀನು ಬಂದಾಗ ಇಬ್ಬರೂ ಕೂತು ಮಾತಾಡೋಣ.

ಕಳೆದ ತಿಂಗಳು ಒಂದು ಪೂರ್ತಿ ಟೋಪಿ ಸಿಕ್ಕಿತು ಅಂದಿದ್ದೆಯಲ್ಲ, ಚರ್ಮದ ಪಟ್ಟಿ ಗಟ್ಟಿಯಾಗಿದೆ, ಮಡಚಲು ಆಗುತ್ತಿಲ್ಲ ಅಂತ. ಬಲವಂತ ಮಾಡಬೇಡ, ಮುರಿಯುತ್ತದೆ. ಬದಿಯಿಂದ ಟಾರ್ಚ್ ಬಿಟ್ಟು ನಿಧಾನವಾಗಿ ಒಳಗೆ ನೋಡು. ಏನಾದರೂ ಬರೆದಿದ್ದರೆ ಮೊದಲು ಒಂದು ಕಡೆ ಬರೆದುಕೋ, ಆಮೇಲೆ ನನಗೆ ತಿಳಿಸು.

ನಿನ್ನ ಪ್ರೀತಿಯ
ದೊಡ್ಡಪ್ಪ