ನೂರು ಹಾಳೆ, ಒಂದಿಷ್ಟು ಕಲೆ

ನಿನ್ನೆ ರಾತ್ರಿ ನೂರನೇ ಚಿತ್ರ ಮುಗಿಯಿತು. ನೂರನ್ನೂ ಸಂಗೀತ ಕಛೇರಿ ನಡೆಯುವಾಗಲೇ, ಅಲ್ಲೇ ಕೂತು ವಾಟರ್‌ಕಲರ್‌ನಲ್ಲಿ ಬರೆದದ್ದು. ಅರ್ಧಕ್ಕರ್ಧ ಕೆಟ್ಟಿವೆ, ಅದು ಬೇರೆ ಮಾತು. ಆದರೂ ಕೆಲವರಿಗೆ ಥ್ಯಾಂಕ್ಸ್ ಹೇಳದೆ ಇರಲಾರೆ.

ಮೊದಲು ಕಲಾವಿದರಿಗೆ. ಶುರುವಿನಲ್ಲಿ ನಿಮ್ಮ ಮೇಲೆ ಸಿಟ್ಟು ಬರುತ್ತಿತ್ತು. ಒಂದು ಕ್ಷಣ ಅಲ್ಲಾಡದೆ ಕೂರಬಾರದಾ ಅಂತ! ಆಮೇಲೆ ಗೊತ್ತಾಯಿತು, ನೀವು ಬಿಟ್ಟ ಜಾಗಕ್ಕೇ ತಿರುಗಿ ಬರುತ್ತೀರಿ. ಪಿಟೀಲಿನ ಕಮಾನು ಹೋದ ದಾರಿಯಲ್ಲೇ ವಾಪಸ್ ಬರುತ್ತದೆ. ಕೊಳಲಿನವರ ತಲೆ ಮತ್ತೆ ಅದೇ ಕಡೆ ವಾಲುತ್ತದೆ. ಗೆರೆ ತಪ್ಪಿದರೆ ಸುಮ್ನೆ ಕಾಯಬೇಕು, ಅಷ್ಟೆ. ಶ್ರುತಿ ಮಾಡಿಕೊಳ್ಳುವ ಆ ಕೆಲವು ನಿಮಿಷಗಳಿಗೆ ಇನ್ನೂ ಜಾಸ್ತಿ ಥ್ಯಾಂಕ್ಸ್. ಮೈಯ ಅಳತೆ, ವಾದ್ಯದ ಓರೆ ನನ್ನ ಪೆನ್ಸಿಲ್‌ಗೆ ಸಿಗುವುದೇ ಆಗ.

ವೇದಿಕೆಯ ಲೈಟಿನವರಿಗೆ ಅರ್ಧ ಥ್ಯಾಂಕ್ಸ್ ಮಾತ್ರ. ಕೆಂಪು ಲೈಟು ಬಿದ್ದರೆ ಕಾಗದದ ಮೇಲೆ ಕೆಂಪು ಬಣ್ಣ ಕಾಣುವುದೇ ಇಲ್ಲ. ನೀಲಿ ಕಪ್ಪಾಗುತ್ತದೆ. ಕಾಣಲಿಲ್ಲ ಅಂತ ಮತ್ತೆ ಮತ್ತೆ ಬಳಿದು, ಮನೆಗೆ ಬಂದು ನೋಡಿದರೆ ಗಾಯಕಿಯ ಮುಖ ಕೆಂಡದ ಹಾಗೆ! ಅಲ್ಲಿಂದ ಮೂರೇ ಬಣ್ಣ ಒಯ್ಯುತ್ತೇನೆ, ಯಾವುದು ಎಲ್ಲಿದೆ ಅಂತ ಬಾಯಿಪಾಠ. ಅಲ್ಟ್ರಾಮರೀನ್ ಅನ್ನುವ ಗಾಢ ನೀಲಿ, ಬರ್ನ್ಟ್ ಸಿಯೆನಾ ಅನ್ನುವ ಕೆಂಗಂದು, ಒಂದು ಹಳದಿ. ಮೊದಲೆರಡು ಕಲಸಿದರೆ ಸಭಾಂಗಣದ ಕತ್ತಲೆಗೆ ಬೇಕಾದ ಬೂದು ಸಿಗುತ್ತದೆ.

ಆಮೇಲೆ ನನ್ನ ಗೆಳತಿಗೆ. ಕಳೆದ ವರ್ಷ ನನ್ನ ಬಲಗೈ ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರ್ ಹಾಕಿದ್ದರಲ್ಲ, ಆಗ ಎಡಗೈಯಲ್ಲಿ ಏಳು ಚಿತ್ರ ಬರೆದೆ. ಗೆರೆ ನಡುಗುತ್ತಿತ್ತು, ಬಣ್ಣ ಗೆರೆಯೊಳಗೆ ನಿಲ್ಲುತ್ತಿರಲಿಲ್ಲ. ಹರಿದು ಹಾಕಲು ಹೊರಟಾಗ ಅವಳು ರಾವುಲ್ ಡ್ಯುಫಿಯ ಆರ್ಕೆಸ್ಟ್ರಾ ಚಿತ್ರಗಳನ್ನು ತೋರಿಸಿದಳು. 1953ರಲ್ಲಿ ತೀರಿಕೊಂಡ ಆ ಫ್ರೆಂಚ್ ಚಿತ್ರಕಾರ ಗೆರೆಯನ್ನು ಒಂದು ಕಡೆ ಓಡಿಸಿ, ಬಣ್ಣವನ್ನು ತನ್ನಷ್ಟಕ್ಕೆ ಹರಿಯಲು ಬಿಡುತ್ತಿದ್ದ. "ಅವನು ಬೇಕಂತಲೇ ಮಾಡಿದ್ದು, ನೀನು ಕೈಲಾಗದೆ ಮಾಡಿದ್ದೀಯ. ನೋಡುವವರಿಗೆ ಹೇಗೆ ಗೊತ್ತಾಗುತ್ತೆ?" ಅಂದಳು. ಆ ಏಳು ಹಾಳೆ ಉಳಿದವು. ನಿಜ ಹೇಳಬೇಕೆಂದರೆ ನೂರರಲ್ಲಿ ನನಗೆ ಇಷ್ಟವಾದವೂ ಅವೇ.

ಪಕ್ಕದ ಸೀಟುಗಳಲ್ಲಿ ಕೂತವರಿಗೂ ಥ್ಯಾಂಕ್ಸ್. ನನ್ನ ಮೊಣಕೈ ತಾಗಿದರೂ ಸುಮ್ಮನಿದ್ದಿರಿ. ನೂರನೇ ಹಾಳೆಯ ಮೂಲೆಯಲ್ಲಿ ನೀಲಿ ಹನಿಗಳ ಕಲೆ ಇದೆ ನೋಡಿ. ಕಛೇರಿ ಮುಗಿದಾಗ ಬ್ರಷ್ ಹಿಡಿದೇ ಚಪ್ಪಾಳೆ ತಟ್ಟಿಬಿಟ್ಟೆ. ಉಳಿದ ಹನಿಗಳು ಪಕ್ಕದವರ ಬಿಳಿ ಅಂಗಿಯ ಮೇಲಿವೆ. ಅವರು ಅಂಗಿ ನೋಡಿಕೊಂಡು, ನಕ್ಕು, ಚಪ್ಪಾಳೆ ಮುಂದುವರಿಸಿದರು.