ನಮ್ಮ ಸಿಲ್ವರ್ ಮರದ ತವರಿನಲ್ಲಿರುವ ಮಗಳಿಗೆ

ಮೂಡಿಗೆರೆ
ಅಕ್ಟೋಬರ್, ಎರಡನೇ ವಾರ

ಪುಟ್ಟೀ,

ನೀನು ಕಳಿಸಿದ ಫೋಟೊ ಅಪ್ಪನಿಗೆ ತೋರಿಸಿದೆ. ಕ್ಯಾಂಪಸ್ ದಾರಿಯಲ್ಲಿ ಮೈತುಂಬ ಕಿತ್ತಳೆ ಬಣ್ಣದ ಹೂ ಬಿಟ್ಟ ಮರ. ‘ಇದು ನಮ್ಮ ಸಿಲ್ವರ್ ಅಲ್ವಾ!’ ಅಂದರು. ಅದೇ. ಅದರ ತವರು ನಿಮ್ಮ ಬ್ರಿಸ್ಬೇನ್ ಕಡೆಯೇ. ಇಲ್ಲಿಗೆ ಕಾಫಿ ತೋಟದ ನೆರಳಿಗೆಂದು ಬಂತು. ನಾವು ವರ್ಷವರ್ಷ ಕೊಂಬೆ ಕಡಿದು ಮರಗಸಿ ಮಾಡಿ, ಮೆಣಸಿನ ಬಳ್ಳಿ ಹಬ್ಬಿಸಿ, ಅದರ ಹೂವನ್ನೇ ಸರಿಯಾಗಿ ನೋಡಿಲ್ಲ.

ಟ್ಯುಟೋರಿಯಲ್ ಅನ್ನೋ ಚರ್ಚೆಯ ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದೂ ಸುಮ್ನೆ ಕೂತೆ ಅಂದೆಯಲ್ಲ, ‘ನನ್ನ ಇಂಗ್ಲಿಷ್ ಕೇಳಿ ನಗುತ್ತಾರೇನೋ’ ಅಂತ. ಅದು ನಾವೇ ಕಲಿಸಿದ್ದು. ನಾನು ಹಾಸನದಲ್ಲಿ ಓದುವಾಗ ಮೇಷ್ಟ್ರಿಗೆ ಪ್ರಶ್ನೆ ಕೇಳಿದವಳು ಅಧಿಕಪ್ರಸಂಗಿ. ನಿಮ್ಮಲ್ಲಿ ಸುಮ್ಮನಿದ್ದರೆ ಓದಿಕೊಂಡೇ ಬಂದಿಲ್ಲ ಅಂದುಕೊಳ್ಳುತ್ತಾರೆ. ಮೇಷ್ಟ್ರನ್ನು ಹೆಸರು ಹಿಡಿದು ಕರೆಯಲು ನನಗೂ ನಾಲಿಗೆ ಏಳುತ್ತಿರಲಿಲ್ಲ. ಆದರೆ ಅವರೇ ಕರಿ ಅಂದಮೇಲೆ ಕರಿ.

ಇಲ್ಲಿ ಫ್ಲೈ ಪಿಕಿಂಗ್ ಶುರುವಾಗಿದೆ. ಅಲ್ಲೊಂದು ಇಲ್ಲೊಂದು ಹಣ್ಣಾದದ್ದನ್ನಷ್ಟೇ ಆರಿಸಿ ಕೊಯ್ಯಬೇಕು. ಈ ಸಲ ಆಳುಗಳ ಲೈನ್ ಮನೆಗೆ ಅಸ್ಸಾಮಿನವರು ಬಂದಿದ್ದಾರೆ. ಒಬ್ಬಳಿಗೆ ನಿನ್ನದೇ ವಯಸ್ಸು. ಮೊದಲ ವಾರ ತಲೆಯೇ ಎತ್ತಲಿಲ್ಲ. ಬುಟ್ಟಿಯಲ್ಲಿ ಅರ್ಧ ಹಸಿರು ಕಾಯಿ, ಅಪ್ಪ ರೇಗಿದರು. ಮಾರನೇ ದಿನ ಅಂಗೈಯಲ್ಲಿ ಎರಡು ಮೂರು ಬಣ್ಣದ್ದು ಇಟ್ಟುಕೊಂಡು ಬಂದು ‘ಯಾವ್ದು?’ ಅಂದಳು. ಅದೊಂದೇ ಪದ ಕಲಿತು ಬಂದಿದ್ದಳು! ಈಗ ಎಲ್ಲದಕ್ಕೂ ಅದೇ. ನಿನ್ನೆ ಕಡುಬು ಕೊಟ್ಟರೆ ಅದನ್ನೂ ತಿರುಗಿಸಿ ನೋಡಿ ‘ಯಾವ್ದು?’ ಅಪ್ಪನಿಗೂ ನಗು ತಡೆಯಲಿಲ್ಲ. ಆಮೇಲೆ ಪಕ್ಕದಲ್ಲಿ ನಿಂತು ಅವರೇ ಹಣ್ಣು ತೋರಿಸಿಕೊಟ್ಟರು.

ಶನಿವಾರ ಕನ್ನಡದವರೆಲ್ಲ ಸೇರಿ ಅಡುಗೆ ಮಾಡುತ್ತೀರಲ್ಲ, ಮಾಡಿ. ಹಾಗಂತ ಏಳು ದಿನವೂ ಅಲ್ಲೇ ಇರಬೇಡ. ನಿನ್ನ ರೂಮಿನ ವಿಯೆಟ್ನಾಂ ಹುಡುಗಿ ಕಾಫಿ ಮಾಡಿದಾಗ ಜೊತೆಗೆ ಕೂತು ಕುಡಿ. ಅವರ ರೊಬಸ್ಟಾದಿಂದಲೇ ನಮ್ಮ ರೇಟು ಬೀಳೋದು ಅಂತ ಅಪ್ಪ ಗೊಣಗಿದ್ದನ್ನು ಮಾತ್ರ ಅವಳಿಗೆ ಹೇಳಬೇಡ.

ಇನ್ನೊಂದು. ಕ್ಲಾಸ್ ನಡೆಯುವಾಗ ಎರಡು ವಾರಕ್ಕೆ 48 ಗಂಟೆಗಿಂತ ಜಾಸ್ತಿ ದುಡಿಯುವಂತಿಲ್ಲ ಅಂತ ವೀಸಾದಲ್ಲೇ ಇದೆ. ಕೈಗೆ ದುಡ್ಡು ಕೊಡುತ್ತೇನೆ, ಇನ್ನೂ ನಾಲ್ಕು ಗಂಟೆ ಇರು ಅಂತ ಯಾರಾದರೂ ಅಂದರೆ ಬೇಡ. ತೋಟದ ಸಾಲ ನಮ್ಮ ತಲೆನೋವು.

ಬುಧವಾರ ಟ್ಯುಟೋರಿಯಲ್ ಮುಗಿದ ಕೂಡಲೇ ಫೋನ್ ಮಾಡು. ನಿನಗೆ ಹತ್ತೂವರೆ ಆದಾಗ ಇಲ್ಲಿ ಬೆಳಿಗ್ಗೆ ಆರು. ಮನೆಯೊಳಗೆ ನೆಟ್‌ವರ್ಕ್ ಸಿಗದು, ಗೇಟಿನ ಹತ್ತಿರ ನಿಂತಿರುತ್ತೇನೆ. ಏನು ಕೇಳಿದೆ ಅಂತ ಮೊದಲು ಹೇಳಬೇಕು, ಊಟದ ಸುದ್ದಿ ಆಮೇಲೆ.

ನಿನ್ನ
ಅಮ್ಮ