ಕಾರ್ಮಿಕ ಸಚಿವರಿಗೆ, ಮೈಗ್ರೇನ್ ರಜೆ ಕೇಳಿದವಳ ಪತ್ರ

ಮಾನ್ಯ ಸಚಿವರೇ,

ನನಗೆ ಹದಿನಾಲ್ಕು ವರ್ಷಗಳಿಂದ ಮೈಗ್ರೇನ್ ಇದೆ. ಮೊದಲು ಕಣ್ಣೆದುರು ಅಂಕುಡೊಂಕಾದ ಬೆಳಕಿನ ಗೆರೆಗಳು ಕುಣಿಯುತ್ತವೆ. ಅರ್ಧ ಗಂಟೆಯೊಳಗೆ ತಲೆಯ ಒಂದು ಪಕ್ಕ ಸಿಡಿಯತೊಡಗುತ್ತದೆ, ವಾಂತಿಯಾಗುತ್ತದೆ, ಆಡಬೇಕಾದ ಮಾತು ನಾಲಿಗೆಗೆ ಸಿಗುವುದಿಲ್ಲ. ಅಂಥದೊಂದು ದಿನ ರಜೆ ಕೇಳಿದಾಗ ಮೇಲಧಿಕಾರಿ, "ಮನೇಲಿ ಏನಾದ್ರೂ ಜಗಳಾನಾ?" ಎಂದರು. ಅದೇ ತಿಂಗಳು ಬೆನ್ನುನೋವು ಎಂದ ಸಹೋದ್ಯೋಗಿಯೊಬ್ಬರಿಗೆ ಹೊಸ ಕುರ್ಚಿ ಬಂತು. ಬಂದದ್ದು ಸರಿಯೇ. ಆದರೆ ಅವರ ನೋವಿಗೆ ಯಾರೂ ಮನೆಯ ಜಗಳವನ್ನು ಗಂಟುಹಾಕಲಿಲ್ಲ. ವರ್ಷದ ಕೊನೆಗೆ ನನ್ನ ಕಡತದಲ್ಲಿ "ಒತ್ತಡ ತಾಳಿಕೊಳ್ಳುವುದಿಲ್ಲ" ಎಂಬ ಸಾಲು ಸೇರಿತು, ಬಡ್ತಿ ತಪ್ಪಿತು.

ಇದು ನನ್ನೊಬ್ಬಳ ದೂರಾಗಿದ್ದರೆ ನಿಮ್ಮವರೆಗೆ ತರುತ್ತಿರಲಿಲ್ಲ. ಮೈಗ್ರೇನ್ ಗಂಡಸರಿಗಿಂತ ಹೆಂಗಸರಲ್ಲಿ 2ರಿಂದ 3 ಪಟ್ಟು ಹೆಚ್ಚು. ಮುಟ್ಟಿನ ಆಸುಪಾಸಿನಲ್ಲಿ ಈಸ್ಟ್ರೊಜನ್ ಎಂಬ ಹಾರ್ಮೋನು ಕುಸಿದಾಗ ಹಲವರಿಗೆ ಅದು ಕೆರಳುತ್ತದೆ. ಖಿನ್ನತೆ, ಆತಂಕ, ಮೆದುಳು-ನರಗಳನ್ನು ಘಾಸಿಗೊಳಿಸುವ ಮಲ್ಟಿಪಲ್ ಸ್ಕ್ಲೀರೋಸಿಸ್ ಕೂಡ ಹೆಂಗಸರನ್ನೇ ಹೆಚ್ಚು ಕಾಡುತ್ತವೆ. ಎಡಿಎಚ್‌ಡಿಯ ಕಥೆ ಬೇರೆ; ಅದು ಗಮನ ನಿಲ್ಲದ, ಚಡಪಡಿಸುವ ತೊಂದರೆ. ಹುಡುಗಿಯರಲ್ಲಿ ಅದು ಗಲಾಟೆಗಿಂತ ಮರೆವು, ಅನ್ಯಮನಸ್ಕತೆಯಾಗಿ ಇರುವುದೇ ಹೆಚ್ಚಾದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. "ಬೇಜವಾಬ್ದಾರಿ" ಎಂಬ ಹೆಸರು ಅಂಟಿದ ಎಷ್ಟೋ ವರ್ಷಗಳ ಮೇಲೆ ಕಾಯಿಲೆ ಪತ್ತೆಯಾಗುವವರಿದ್ದಾರೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಮೂರ್ಛೆರೋಗವಿರುವ ಹೆಣ್ಣುಮಕ್ಕಳ ಪಾಡು. ಮೂರ್ಛೆಗೆ ಕೊಡುವ ವ್ಯಾಲ್ಪ್ರೊಯೇಟ್ ಎಂಬ ಔಷಧ ಗರ್ಭದಲ್ಲಿರುವ ಮಗುವಿಗೆ ಅಪಾಯಕಾರಿ. ಹಾಗಾಗಿ ಬಸಿರಾಗುವ ಮುನ್ನವೇ ವೈದ್ಯರು ಸಾಧ್ಯವಾದಷ್ಟೂ ಔಷಧ ಬದಲಿಸುತ್ತಾರೆ. ಆ ತಿಂಗಳುಗಳಲ್ಲಿ ಮೂರ್ಛೆ ಮರುಕಳಿಸಬಹುದು. ರಾತ್ರಿ ಪಾಳಿ ಬೇಡವೆನ್ನಲು ಆಕೆ ಎರಡು ಗುಟ್ಟು ಬಿಚ್ಚಬೇಕು: ತನ್ನ ಕಾಯಿಲೆ, ಮಗು ಬೇಕೆಂಬ ಆಸೆ. ಯಾವುದನ್ನು ಹೇಳಿದರೂ ಬಡ್ತಿಯ ಪಟ್ಟಿಯಿಂದ ಹೆಸರು ಹೋದೀತೆಂಬ ಭಯ. ಬಾಯಿಮುಚ್ಚಿಕೊಂಡು ನಿದ್ದೆಗೆಟ್ಟು ದುಡಿಯುತ್ತಾಳೆ. ಮೂರ್ಛೆಯನ್ನು ಕೆರಳಿಸುವ ಕಾರಣಗಳಲ್ಲಿ ನಿದ್ದೆಗೇಡೂ ಒಂದು.

ಮನೆಗೆ ಹೋದರೂ ವಿಶ್ರಾಂತಿಯಿಲ್ಲ. ಸಂಬಳವಿಲ್ಲದ ಆರೈಕೆಯ ಕೆಲಸದಲ್ಲಿ ಮುಕ್ಕಾಲು ಪಾಲು ಹೆಂಗಸರ ಹೆಗಲ ಮೇಲಿದೆ ಎಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2018ರಲ್ಲೇ ಹೇಳಿದೆ.

ಲೆಕ್ಕವೇ ಬೇಕೆಂದರೆ, ಖಿನ್ನತೆ ಮತ್ತು ಆತಂಕದಿಂದ ಜಗತ್ತು ವರ್ಷಕ್ಕೆ 1,200 ಕೋಟಿ ಕೆಲಸದ ದಿನಗಳನ್ನು ಕಳೆದುಕೊಳ್ಳುತ್ತಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮೇಲಧಿಕಾರಿಗಳಿಗೆ ತರಬೇತಿ ಕೊಡಿ, ಕಾಯಿಲೆಯವರಿಗೆ ತಕ್ಕಂತೆ ಕೆಲಸವನ್ನು ಹೊಂದಿಸಿ ಎಂದು ಅದೇ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿದೆ. ಶಿಫಾರಸನ್ನು ಪಾಲಿಸದಿದ್ದರೆ ಯಾರಿಗೂ ದಂಡವಿಲ್ಲ. ಅದಕ್ಕೇ ಕಾನೂನು ಬೇಕು.

ನಾನು ಕೇಳುವುದು ದೊಡ್ಡದೇನಲ್ಲ. ಕಾಯಿಲೆಯ ಹೆಸರು ವೈದ್ಯರಲ್ಲೇ ಉಳಿಯಲಿ. ಪಾಳಿ, ಬೆಳಕು, ವೇಳೆ ಹೇಗೆ ಬದಲಾಗಬೇಕು ಎಂಬ ಒಂದು ಚೀಟಿ ಮಾತ್ರ ಕಚೇರಿಗೆ ಹೋಗಲಿ. ಕಾಯಿಲೆಯ ರಜೆ ಪಡೆದವರಲ್ಲಿ ಎಷ್ಟು ಹೆಂಗಸರಿಗೆ, ಎಷ್ಟು ಗಂಡಸರಿಗೆ ಬಡ್ತಿ ಸಿಕ್ಕಿತೆಂಬುದನ್ನು ಪ್ರತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಬಹಿರಂಗಪಡಿಸಲಿ.

"ಒತ್ತಡ ತಾಳಿಕೊಳ್ಳುವುದಿಲ್ಲ" ಎಂಬ ಆ ಸಾಲು ಇನ್ನೂ ನನ್ನ ಕಡತದಲ್ಲಿದೆ. ಅದನ್ನು ತೆಗೆಸಲು ಯಾರಿಗೆ ಅರ್ಜಿ ಕೊಡಬೇಕೆಂದು ವಿಚಾರಿಸಿದೆ. ಅದಕ್ಕೆ ನಿಯಮವೇ ಇಲ್ಲವಂತೆ. ದಯವಿಟ್ಟು ಅದನ್ನೂ ಸೇರಿಸಿ.

ಇತಿ,
ಒಬ್ಬ ಉದ್ಯೋಗಸ್ಥೆ